ಬಟಾಣಿ ಸಿಪ್ಪೆಯ ಒಳಬಣ್ಣ

ಹೆತ್ತವರು ಅವನಿಗೂ ಒಂದು ಹೆಸರಿಟ್ಟಿದ್ದರು. ಆ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಹೋದ ಮೇಲೆ ಉಳಿದದ್ದು ಒರೆಸಪ್ಪ ಎನ್ನುವುದೊಂದೇ. ಬೀದಿಯ ಚಿಕ್ಕವರೂ ಹಾಗೇ ಕರೆಯುತ್ತಾರೆ, ದೊಡ್ಡವರೂ ಹಾಗೇ ಕರೆಯುತ್ತಾರೆ, ಅವನಿಗೂ ಅದರ ಬಗ್ಗೆ ಬೇಸರವಿಲ್ಲ. ಕೈಯಲ್ಲಿ ಸದಾ ಒಂದು ತುಂಡು ಬಿಳಿ ಬಟ್ಟೆ. ಟೀ ಕುಡಿಯುವ ಮೊದಲು ಲೋಟದ ಅಂಚು ಒರೆಸುತ್ತಾನೆ, ಕೂರುವ ಮೊದಲು ಬೆಂಚು ಒರೆಸುತ್ತಾನೆ, ಮಾತು ಬೇಡವಾದಾಗ ಕನ್ನಡಕ ಒರೆಸುತ್ತಾನೆ. ಮದುವೆಯಾದ ಹೊಸತರಲ್ಲಿ ಮಾವನ ಮನೆಗೆ ಹೋಗಿ ಅಲ್ಲಿಯ ಕುರ್ಚಿಯನ್ನೂ ಒರೆಸಿ ಕೂತನಂತೆ. ಆ ಮಾವ ಬದುಕಿರುವವರೆಗೂ ಅಳಿಯನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡೇ ಮಾತಾಡಿಸಿದನಂತೆ. ಹೆಂಡತಿ ಈಗಲೂ ಹೇಳುತ್ತಾಳೆ: "ನನ್ನನ್ನೂ ಒಂದ್ಸಲ ಒರೆಸಿ, ಬಟ್ಟೆ ನೋಡಿ, ಆಮೇಲೇ ಮನೆಗೆ ಕರ್ಕೊಂಡ್ ಬಂದಿರ್ಬೇಕು ಈ ಮನುಷ್ಯ."

ಅವನ ಕಸುಬು ಕಾರಿನ ಇಂಜಿನ್ನಿಗೆ ಬಣ್ಣ ಹಚ್ಚುವುದು. ಕಾರಿನ ಹೊರಮೈಗೆ ಹಚ್ಚುವವರು ಬೇಕಾದಷ್ಟು ಜನರಿದ್ದಾರೆ, ಅದನ್ನು ನೋಡಿ ಮೆಚ್ಚುವವರೂ ಇದ್ದಾರೆ. ಬಾನೆಟ್ಟಿನ ಕತ್ತಲಲ್ಲಿ ಕೂತಿರುವ ಕಬ್ಬಿಣದ ದಿಮ್ಮಿಗೆ ಬಣ್ಣ ಯಾಕಪ್ಪಾ ಎಂದು ಯಾರಾದರೂ ಕೇಳಿದರೆ, "ನೀವು ಒಳಚಡ್ಡಿ ಹಾಕ್ಕೊಳ್ಳಲ್ವಾ?" ಎಂದು ಬಾಯಿ ಮುಚ್ಚಿಸುತ್ತಾನೆ. ಆಮೇಲೆ ನಿಧಾನವಾಗಿ ವಿವರಿಸುತ್ತಾನೆ. ಎರಕದ ಕಬ್ಬಿಣ ಬರಿಮೈಯಲ್ಲಿದ್ದರೆ ಬರೀ ಬೆವರಿಗೇ ತುಕ್ಕು ಹಿಡಿಯುತ್ತದೆ. ತುಕ್ಕಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಧೂಳು ಕೂತು ಇಂಜಿನ್ನಿಗೆ ಕಂಬಳಿ ಹೊದಿಸಿದ ಹಾಗಾಗುತ್ತದೆ. ಕಂಬಳಿ ಹೊದ್ದವನಿಗೆ ಜ್ವರ ಬಂದರೆ ಮುಟ್ಟಿ ನೋಡುವುದು ಹೇಗೆ?

ಅವನ ತಗಡಿನ ಶೆಡ್ಡಿನಲ್ಲಿ ಒಂದು ಉದ್ದನೆಯ ಬೆಂಚು, ಬಲಗಡೆ ಸೀಮೆಎಣ್ಣೆಯ ಬಕೆಟ್ಟು, ಎಡಗಡೆ ಕಾಸ್ಟಿಕ್ ಸೋಡಾ ಬೆರೆಸಿದ ನೀರಿನ ತೊಟ್ಟಿ. ಗೋಡೆಯ ಮೊಳೆಗಳಲ್ಲಿ ರಬ್ಬರ್ ಬಿರಡೆಗಳು ಅಳತೆಯ ಪ್ರಕಾರ ನೇತಾಡುತ್ತಿರುತ್ತವೆ. ಬ್ಲಾಕು, ಅಂದರೆ ಬಿಚ್ಚಿದ ಇಂಜಿನ್ನಿನ ದಿಮ್ಮಿ, ಬಂದರೆ ಮೊದಲು ಕೆರೆಯುವ ತಗಡಿನಿಂದ ಜಿಡ್ಡಿನ ಪದರ ಎಬ್ಬಿಸುವುದು, ಆಮೇಲೆ ಸೀಮೆಎಣ್ಣೆ, ತಂತಿ ಬ್ರಷ್ಷು, ತೊಟ್ಟಿಯಲ್ಲಿ ಒಂದು ಹಗಲಿನ ಸ್ನಾನ, ಬಿಸಿನೀರು. ನೀರು ಹನಿ ಹನಿಯಾಗಿ ನಿಲ್ಲುವ ಮೊದಲೇ ಗಾಳಿ ಹೊಡೆದು ಒಣಗಿಸಬೇಕು, ಇಲ್ಲದಿದ್ದರೆ ಕಣ್ಣೆದುರೇ ಕೆಂಪಗಾಗುತ್ತದೆ. ತೂತುಗಳಿಗೆಲ್ಲ ಬಿರಡೆ ಜಡಿದು, ಉಜ್ಜಿ ನಯಮಾಡಿದ ಮುಖಗಳಿಗೆ ಟೇಪು ಅಂಟಿಸಿ, ಕಟ್ಟಕಡೆಗೆ ಥಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸುವುದು. ಬಟ್ಟೆ ಬಿಳಿಯಾಗಿಯೇ ವಾಪಸು ಬಂದರೆ ಬಣ್ಣ. ಬರದಿದ್ದರೆ ಇನ್ನೊಂದು ಬಟ್ಟೆ. ಅವಸರ ಮಾಡುವ ಗಿರಾಕಿಯ ಮೂಗಿನ ಮುಂದೆ ಆ ಬಟ್ಟೆ ಹಿಡಿದು, "ನಾನು ಸುಳ್ಳು ಹೇಳಬಹುದು ಸ್ವಾಮಿ, ಇದು ಹೇಳಲ್ಲ" ಎನ್ನುತ್ತಿದ್ದ.

ಇಷ್ಟೆಲ್ಲಕ್ಕೂ ಮೊದಲಿನ ಕೆಲಸವೊಂದಿತ್ತು. ಅದನ್ನು ಅವನು ಉಗುರು ತೆಗೆಯುವುದು ಎನ್ನುತ್ತಿದ್ದ. ಹಳೆಯ ಬಣ್ಣ ಎಲ್ಲಾದರೂ ಒಂದು ಮೂಲೆಯಲ್ಲಿ ಕೆಡದೆ ಉಳಿದಿದ್ದರೆ ಅಲ್ಲಿಂದ ಬ್ಲೇಡಿನಲ್ಲಿ ಕಿರುಬೆರಳಿನ ಉಗುರಿನಷ್ಟು ಎತ್ತಿ, ಬಾಗಿಲ ಪಕ್ಕದ ಮರದ ಹಲಗೆಗೆ ಅಂಟಿಸಿ, ಕೆಳಗೆ ಕಾರಿನ ನಂಬರು ಬರೆಯುವುದು. ಆ ಹಲಗೆಯ ಮೇಲೆ ಮೂವತ್ತೈದು ವರ್ಷದ ಉಗುರುಗಳಿದ್ದವು: ಕಪ್ಪು, ಬೂದಿ, ಇಟ್ಟಿಗೆ ಕೆಂಪು, ಹತ್ತಾರು ಬಗೆಯ ನೀಲಿ. ಇವನ ಪ್ರಕಾರ ಪ್ರತಿಯೊಂದು ಇಂಜಿನ್ನಿಗೂ ಅದರ ಕಂಪನಿ ಹಚ್ಚಿದ ಬಣ್ಣವೇ ಅದರ ಚರ್ಮ. ಬೇರೆ ಹಚ್ಚುವುದೆಂದರೆ ವೇಷ.

ಈಗ ಅಣ್ಣನ ವಿಷಯಕ್ಕೆ ಬರಬೇಕು. ಶೆಡ್ಡು ಮೊದಲು ಅಣ್ಣತಮ್ಮಂದಿರಿಬ್ಬರದೂ ಆಗಿತ್ತು. ಅಣ್ಣ ಇಂಜಿನ್ ಬಿಚ್ಚುವವನು, ಕಟ್ಟುವವನು, ತಮ್ಮ ಬಣ್ಣದವನು. ಅಣ್ಣ ದೊಡ್ಡ ಆಳು, ದೊಡ್ಡ ನಗು, ಬಟ್ಟೆಯೆಲ್ಲ ಎಣ್ಣೆ. ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದನ್ನು ಕಂಡರೆ ತಮ್ಮನಿಗೆ ಮೈ ಉರಿಯುತ್ತಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಅಣ್ಣ ಎಲ್ಲಿಂದಲೋ ಒಂದು ಚಿಕ್ಕ ಕಾರು ತಂದ. ಕಾರೆಂದರೆ ಕಾರಲ್ಲ, ನಾಲ್ಕು ಚಕ್ರದ ಮೇಲೆ ಕೂತ ತುಕ್ಕು. ಬಿಡುವಿದ್ದಾಗಲೆಲ್ಲ ಅದನ್ನು ಬಿಚ್ಚಿ, ತಿದ್ದಿ, ಒಂದೂವರೆ ವರ್ಷಕ್ಕೆ ಇಂಜಿನ್ನನ್ನು ಬಣ್ಣದ ಹಂತಕ್ಕೆ ತಂದ. ಅವತ್ತು ತಮ್ಮ ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದ.

ಅತ್ತಿಗೆ ಶೆಡ್ಡಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಅಣ್ಣ ಒಳಗಿನಿಂದ, "ಯಾವ ಬಣ್ಣ ಹಚ್ಲಿ ಹೇಳೇ?" ಎಂದು ಕೂಗಿದ. ಅವಳು ಬಿಡಿಸಿದ ಸಿಪ್ಪೆಯೊಂದನ್ನು ಮಗುಚಿ, ಒಳಮೈ ತೋರಿಸಿ, "ಇದು" ಎಂದಳು. ತಮಾಷೆಗೆ ಅಂದದ್ದು. ಅಣ್ಣ ಆ ಸಿಪ್ಪೆಯನ್ನು ಇಸಿದುಕೊಂಡು ಹೋಗಿ ಬೆಂಚಿನ ಮೇಲಿಟ್ಟು, ಅರ್ಧಂಬರ್ಧ ಉಳಿದಿದ್ದ ಡಬ್ಬಗಳಿಂದ ಬಿಳಿ, ಹಸಿರು, ಚೂರು ಹಳದಿ ಸುರಿದು ಕಲಸತೊಡಗಿದ. ಬಟಾಣಿ ಅಲ್ಲಿಗೇ ಬಿಟ್ಟು ಅವಳೂ ಎದ್ದು ಬಂದಳು. ಇನ್ನೊಂದು ಹನಿ ಹಾಕು, ಸಾಕು, ಜಾಸ್ತಿ ಆಯ್ತು ನೋಡು ಎನ್ನುತ್ತ ಇಬ್ಬರೂ ನಗಾಡುತ್ತ ಕಲಸಿದರು. ಹಾಲಿಗೆ ಹಸಿರಿನ ನೆರಳು ಬಿದ್ದಂಥ ಬಣ್ಣ, ಅದಕ್ಕೆ ಹೆಸರಿರಲಿಲ್ಲ. ಬ್ರಷ್ಷಿನಲ್ಲೇ ಬಳಿದರು.

ತಮ್ಮ ಬಂದು ನೋಡಿದ. ಗಿರಾಕಿಗಳು ನಾಲ್ಕು ಜನ ನಿಂತಿದ್ದರು.

"ಇದೇನಣ್ಣ, ಇಂಜಿನ್ನಿಗೆ ಮದುವೆ ಮಾಡಿಸ್ತಾ ಇದೀಯಾ?"

"ಚೆನ್ನಾಗಿದೆಯೋ ಇಲ್ವೋ ಹೇಳೋ."

"ಈ ಇಂಜಿನ್ನಿಗೆ ಕಂಪನಿ ಹಚ್ಚಿರೋದು ಕಪ್ಪು."

"ಕಪ್ಪಲ್ಲಿ ಎಣ್ಣೆ ಸೋರಿದ್ರೆ ಯಾರಿಗೆ ಕಾಣತ್ತೆ? ಇದರಲ್ಲಿ ಸೂಜಿಮೊನೆಯಷ್ಟು ಸೋರಿದ್ರೂ ಗೊತ್ತಾಗತ್ತೆ. ಮುಚ್ಚಿಟ್ಕೊಳ್ಳೋಕೆ ಏನಿದೆ ಇಂಜಿನ್ನಿಗೆ?" ಎಂದು ಅಣ್ಣ ನಕ್ಕ. "ಒಂದು ಉಗುರು ತಗೊಂಡು ನಿನ್ನ ಹಲಗೆಗೆ ಹಾಕ್ಕೋ. ಮುಂದೆ ಬೇಕಾಗತ್ತೆ."

"ಕಂಡ ಕಂಡಿದ್ದಕ್ಕೆಲ್ಲ ನನ್ನ ಹಲಗೆ ಮೇಲೆ ಜಾಗ ಇಲ್ಲ. ಬಣ್ಣ ಗೊತ್ತಿಲ್ಲದವರು ಬ್ರಷ್ಷು ಮುಟ್ಟಬಾರದು."

ಅತ್ತಿಗೆ ಅಲ್ಲೇ ಇದ್ದಳು, ಕೈಗೆ ಇನ್ನೂ ಬಣ್ಣ ಹತ್ತಿತ್ತು. ಅಣ್ಣನ ನಗು ಅರ್ಧಕ್ಕೇ ನಿಂತಿತು. ಮಾತಿಗೆ ಮಾತು ಬೆಳೆಯಲಿಲ್ಲ. ಬೆಳೆದಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತೇನೋ. ಆರು ತಿಂಗಳಲ್ಲಿ ಅಣ್ಣ ತನ್ನ ಪಾನ, ಸುತ್ತಿಗೆ, ಸ್ಕ್ರೂಡ್ರೈವರುಗಳನ್ನೆಲ್ಲ ಗಂಟು ಕಟ್ಟಿಕೊಂಡು ಊರಿನ ಆ ತುದಿಯಲ್ಲಿ ಬೇರೆ ಶೆಡ್ಡು ಹಾಕಿದ. ಮದುವೆ, ಸಾವು, ಆಸ್ಪತ್ರೆ ಎಂದರೆ ಭೇಟಿಯಾಗುತ್ತಿದ್ದರು. ಊಟ ಆಯ್ತಾ, ಆಯ್ತು. ಮಳೆ ಬರತ್ತೇನೋ, ಬರತ್ತೆ. ಇಪ್ಪತ್ತೈದು ವರ್ಷ ಹೀಗೇ ಕಳೆಯಿತು.

ಕಡೆಯ ಸಲ ಆಸ್ಪತ್ರೆಯಲ್ಲಿ ಅಣ್ಣ ಕಣ್ಣು ಬಿಟ್ಟು ತಮ್ಮನನ್ನು ನೋಡಿ, "ಹಲಗೆ ತುಂಬಿತೇನೋ?" ಎಂದ. ಇವನು ಮಂಚದ ಕಬ್ಬಿಣದ ಕಾಲನ್ನು ಒರೆಸುತ್ತ, "ಇನ್ನೂ ಚೂರು ಜಾಗ ಇದೆ" ಎಂದ. ನಿನ್ನದಕ್ಕೆ ಇಟ್ಟಿದೀನಿ ಅಣ್ಣ ಎಂದು ಸೇರಿಸುವುದಕ್ಕೆ ಮೂರು ಮಾತು ಸಾಕಿತ್ತು. ನಾಳೆ ಹೇಳೋಣ ಎಂದುಕೊಂಡ. ಮಾರನೆಯ ದಿನ ಆ ಮಂಚ ಖಾಲಿಯಿತ್ತು.

ಅದಾಗಿ ಒಂದು ವರ್ಷಕ್ಕೆ ಅತ್ತಿಗೆ ಶೆಡ್ಡಿಗೆ ಬಂದಳು. ಕಾರು ಓಡಿಸುವುದನ್ನು ಅಣ್ಣನೇ ಕಲಿಸಿದ್ದ. ಈಗ ಆ ಚಿಕ್ಕ ಕಾರನ್ನು ಅವಳೇ ಓಡಿಸುತ್ತಿದ್ದಳು. ಇಂಜಿನ್ನು ಎಣ್ಣೆ ಕುಡಿಯುತ್ತಿತ್ತು, ಹಿಂದೆ ನೀಲಿ ಹೊಗೆ. ಸಿಲಿಂಡರುಗಳನ್ನು ಕೊರೆಸಬೇಕು ಎಂದು ಪಕ್ಕದ ಶೆಡ್ಡಿನ ಲೇತಿನವನು ಹೇಳಿದ್ದ. ಹೇಗೂ ಇಂಜಿನ್ನು ಹೊರಗೆ ಬರುತ್ತದೆ.

"ಬಣ್ಣಕ್ಕೆ ಬೇರೆ ಕಡೆ ಕೊಡಲಿಲ್ಲ" ಎಂದಳು ಅತ್ತಿಗೆ. "ನಿನ್ನ ಕೈಲೇ ಆಗ್ಬೇಕು. ಅವರು ಹಚ್ಚಿದ್ದ ಬಣ್ಣವೇ ಹಚ್ಚಿಕೊಡು. ಬೇರೆಯವರಿಗೆ ಹೇಳಿದ್ರೆ ಕಂಪನಿ ಬಣ್ಣ ಅಂತಾರೆ."

ಆ ಕಡೆಯ ಮಾತನ್ನು ಚುಚ್ಚುವುದಕ್ಕೆ ಹೇಳಿದಳೋ ಸಹಜವಾಗಿ ಹೇಳಿದಳೋ ಅವನಿಗೆ ತಿಳಿಯಲಿಲ್ಲ. "ಅದೇ ಹಚ್ತೀನಿ ಅತ್ತಿಗೆ. ಒಂಚೂರೂ ಹೆಚ್ಚುಕಮ್ಮಿ ಇಲ್ಲದ ಹಾಗೆ" ಎಂದ. ಬದುಕಿನಲ್ಲಿ ಅವನು ಅಷ್ಟು ಮನಸ್ಸಿಟ್ಟು ಇನ್ನಾರಿಗೂ ಮಾತು ಕೊಟ್ಟಿರಲಿಲ್ಲ.

ಬ್ಲಾಕು ಬೆಂಚಿಗೆ ಬಂತು. ಬಿಸಿಗೆ ಸುಟ್ಟು, ಎಣ್ಣೆ ಕುಡಿದು, ಬಣ್ಣವೆಲ್ಲ ಕಂದು ಹೊಪ್ಪಳೆಯಾಗಿತ್ತು. ಹುಡುಕಿ ಹುಡುಕಿ, ಕೊನೆಗೆ ಇಂಜಿನ್ನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಕಬ್ಬಿಣದ ಪಾದವನ್ನು ಬಿಚ್ಚಿದ. ಅದರ ಅಡಿಯಲ್ಲಿ ಒಂದು ಬೆಂಕಿಪೊಟ್ಟಣದಷ್ಟು ಜಾಗ. ಗಾಳಿಯಾಗಲಿ ಬೆಳಕಾಗಲಿ ಹೊಗದ ಆ ಜಾಗದಲ್ಲಿ ಅಣ್ಣನ ಬಣ್ಣ ನಿನ್ನೆ ಹಚ್ಚಿದ ಹಾಗಿತ್ತು. ಬ್ರಷ್ಷಿನ ಕೂದಲೆಳೆಯ ಗೆರೆಗಳೂ ಕಾಣುತ್ತಿದ್ದವು. ಒರೆಸಪ್ಪ ಸ್ಟೂಲು ಎಳೆದುಕೊಂಡು ಕೂತ. ಆ ಬಣ್ಣ ಚೆನ್ನಾಗಿತ್ತು. ಇಪ್ಪತ್ತಾರು ವರ್ಷದ ಹಿಂದೆಯೂ ಚೆನ್ನಾಗಿಯೇ ಇತ್ತು, ಆವತ್ತು ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

ಬ್ಲೇಡು ಕೈಗೆತ್ತಿಕೊಂಡ. ಹಲಗೆಯ ಕಡೆ ನೋಡಿದ. ಕೆಳಮೂಲೆಯಲ್ಲಿ ಒಂದು ಉಗುರಿನಷ್ಟು ಜಾಗ ಖಾಲಿಯಿತ್ತು. ನಿಜಕ್ಕೂ ಅಣ್ಣನಿಗೆಂದೇ ಬಿಟ್ಟದ್ದು. ಆದರೂ ಕೈ ಮುಂದೆ ಹೋಗಲಿಲ್ಲ. ಜಾಗ ಇಲ್ಲ ಎಂದ ಬಾಯಿ ಇದೇ, ಅಂಟಿಸಬೇಕಾದ ಕೈ ಇದೇ. ಇಷ್ಟು ಸುಲಭಕ್ಕೆ ಮುಗಿಸುವುದೇ ಎಂದು ಏನೋ ಒಂದು ಸಂಕೋಚ. ಅವಸರವೇನು, ಬಣ್ಣ ಕಲಸುವಾಗ ಬ್ಲಾಕನ್ನೇ ಪಕ್ಕದಲ್ಲಿಟ್ಟುಕೊಂಡರಾಯಿತು, ಕೆರೆದು ಗಾಯ ಮಾಡುವುದೇಕೆ ಎಂದುಕೊಂಡು ಬ್ಲೇಡು ಕೆಳಗಿಟ್ಟ. ಮೂವತ್ತೈದು ವರ್ಷದಲ್ಲಿ ಉಗುರು ತೆಗೆಯದೆ ಬಟ್ಟೆ ಹಿಡಿದದ್ದು ಅದೇ ಮೊದಲು.

ಮುಂದಿನದನ್ನು ಅವನು ಈಗಲೂ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ. ಲೇತಿನವನು ಹೇಳಿದ್ದನ್ನೇ ಹೇಳುತ್ತೇನೆ.

ಲೇತಿನವನು ಬಾಗಿಲಿಗೆ ಒರಗಿ ನಿಂತು, ಬ್ಲಾಕು ಯಾವಾಗ ಕಳಿಸ್ತೀಯ ಎಂದು ಕೇಳಲು ಬಂದಿದ್ದ. ಒರೆಸಪ್ಪ ಆ ಬಣ್ಣದ ಸುತ್ತ ಅಂಚುಗಟ್ಟಿದ ಜಿಡ್ಡನ್ನು ಥಿನ್ನರ್ ಬಟ್ಟೆಯಿಂದ ಬಿಡಿಸುತ್ತಿದ್ದ, ಇನ್ನೊಂದೆರಡು ಗೆರೆಯಷ್ಟು ಬಣ್ಣ ಕಂಡರೆ ಒಳ್ಳೆಯದು ಎಂದು. ಲೇತಿನವನಿಗೆ ಮಾತು ಶುರುವಾದರೆ ನಿಲ್ಲುವುದಿಲ್ಲ.

"ನಿಮ್ಮಣ್ಣ ಒಂದ್ಸಲ ನನ್ನ ಹತ್ರ ಏನಂದ ಗೊತ್ತಾ? ನನ್ನ ತಮ್ಮ ಸತ್ತು ಮೇಲೆ ಹೋದ್ರೆ, ಅಲ್ಲಿ ಬಾಗಿಲ ಹಿಡಿ ಒರೆಸಿ ಆಮೇಲೇ ಒಳಗೆ ಹೋಗೋದು ಅಂದ."

ಒರೆಸಪ್ಪ ನಕ್ಕ. ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವನು ಬೇಕಂತ್ಲೇ ಹಿಡಿಗೆ ಎಣ್ಣೆ ಮೆತ್ತಿ ಇಟ್ಟಿರ್ತಾನೆ ಬಿಡು" ಎಂದ. ನಗುತ್ತ ನಗುತ್ತ ಕೈ ತನ್ನ ಪಾಡಿಗೆ ತಾನು ಒರೆಸುತ್ತಲೇ ಇತ್ತು. ಬಟ್ಟೆ ಮಗುಚಿ ಒರೆಸಿತು, ಇನ್ನೊಂದು ಬಟ್ಟೆ ತೆಗೆದುಕೊಂಡು ಒರೆಸಿತು, ಕೊಳೆಯಾದದ್ದನ್ನು ಸೀಮೆಎಣ್ಣೆಯ ಬಕೆಟ್ಟಿಗೆ ಎಸೆಯಿತು. ಮೂರನೆಯ ಬಟ್ಟೆ ಬಿಳಿಯಾಗಿ ವಾಪಸು ಬಂತು. ಆಗ ಅವನು ಕೆಳಗೆ ನೋಡಿದ.

ಬರೀ ಕಬ್ಬಿಣ.

ಪಾದದ ಅಡಿಯಲ್ಲಿ ಬಿಸಿಯೇ ಕಾಣದ ಬಣ್ಣ ಅದು. ಇಪ್ಪತ್ತಾರು ವರ್ಷವಾದರೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಥಿನ್ನರ್ ಸೋಕಿದ್ದೇ ಬೆಣ್ಣೆಯ ಹಾಗೆ ಎದ್ದು ಬಂದಿತ್ತು. ಒರೆಸಪ್ಪ ಬಕೆಟ್ಟಿಗೆ ಮೊಣಕೈವರೆಗೆ ಕೈ ಹಾಕಿ ಬಟ್ಟೆಗಳನ್ನು ಒಂದೊಂದಾಗಿ ಹೊರಗೆಳೆದು, ಬೆಂಚಿನ ಮೇಲೆ ಹರಡಿ ನೋಡಿದ. ಎಲ್ಲವೂ ಒಂದೇ ಮಸಿ. ಲೇತಿನವನು ಏನಾಯ್ತು ಎಂದು ಎರಡು ಸಲ ಕೇಳಿದ. "ಏನಿಲ್ಲ. ನೀನು ಹೋಗು" ಎಂದ ಒರೆಸಪ್ಪ. ಲೇತಿನವನು ಹೇಳುತ್ತಾನೆ: "ಕೈಯಿಂದ ಸೀಮೆಎಣ್ಣೆ ಸೋರ್ತಾ ಇತ್ತು. ಆ ಮನುಷ್ಯ ಕೈ ಒರೆಸಿಕೊಳ್ಳಲಿಲ್ಲ. ಆಗ್ಲೇ ನನಗೆ ಭಯ ಆಯ್ತು."

ಬೀದಿಯ ತಿರುವಿನಲ್ಲಿ ಬಣ್ಣದಂಗಡಿ. ಅದನ್ನು ನಡೆಸುವ ಹೆಂಗಸು ಇಪ್ಪತ್ತು ವರ್ಷದಿಂದ ಒರೆಸಪ್ಪನ ಉಗುರುಗಳನ್ನು ನೋಡಿ ಬಣ್ಣ ಕಲಸಿಕೊಡುತ್ತಿದ್ದವಳು. ಬರಿಗೈಯಲ್ಲಿ ಬಂದವನನ್ನು ಅವಳು ಕನ್ನಡಕದ ಮೇಲಿನಿಂದ ನೋಡಿದಳು.

"ಉಗುರು ಎಲ್ಲಿ?"

"ಇದೆ. ಶೆಡ್ಡಲ್ಲಿದೆ. ನನಗೆ ಬಾಯಿಪಾಠ, ಹೇಳ್ತೀನಿ ಕಲಸಿ."

"ಬಾಯಿಪಾಠ ಹಾಡಿಗೆ ಸರಿ, ಬಣ್ಣಕ್ಕಲ್ಲ."

ಆದರೂ ಕಲಸಿದಳು. ಮನೆಯ ಬಾಗಿಲಿಗೆ ಹಚ್ಚುವ ಬಣ್ಣ ನಡೆಯುವುದಿಲ್ಲ, ಇಂಜಿನ್ನಿನ ಬಿಸಿಗೆ ತಿಳಿಬಣ್ಣ ಹಳದಿಗೆ ತಿರುಗುತ್ತದೆ. ಇನ್ನೂರೈವತ್ತು ಡಿಗ್ರಿ ತಡೆಯುವ ಬಿಳಿಯನ್ನು ತಳಕ್ಕೆ ತೆಗೆದುಕೊಂಡು ಅದಕ್ಕೆ ಹಸಿರು, ಅದಕ್ಕೆ ಹಳದಿ. ಒಂದೊಂದನ್ನೂ ಕಬ್ಬಿಣದ ಚೂರಿಗೆ ಹಚ್ಚಿ, ಅವಳ ಸೀಮೆಎಣ್ಣೆ ಸ್ಟೌವಿನ ಮೇಲೆ ತಗಡಿನ ಡಬ್ಬ ಮುಚ್ಚಿ ಬೇಯಿಸಿ, ತಣಿದ ಮೇಲೆ ನೋಡುವುದು. ಮೊದಲನೆಯದು ಹಸಿರು ಜಾಸ್ತಿ. ಎರಡನೆಯದು ಆಸ್ಪತ್ರೆ ಗೋಡೆಯ ಹಾಗಿತ್ತು. ಮೂರನೆಯದನ್ನು ಕಂಡು, ಇದೇ, ಇದೇ ಎಂದ. ಹೊರಗೆ ಬಿಸಿಲಿಗೆ ಹಿಡಿದು, ಅಲ್ಲ ಎಂದ. ಪ್ರತಿಯೊಂದು ಚೂರು ನೋಡಿದಾಗಲೂ ನೆನಪಿನಲ್ಲಿದ್ದ ಬಣ್ಣ ಸ್ವಲ್ಪ ಸರಿದು ಆ ಚೂರಿನ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಆರನೆಯದರ ಹೊತ್ತಿಗೆ ಅವನಿಗೆ ನೆನಪಿನಲ್ಲಿ ಉಳಿದದ್ದು ಬಣ್ಣವಲ್ಲ, ಬಣ್ಣದ ಬಗ್ಗೆ ಆಡಿದ ಮಾತು ಮಾತ್ರ. ಒಂದು ದಿನ ಸಂತೆಯಿಂದ ಬಟಾಣಿ ತಂದು ಸಿಪ್ಪೆ ಮಗುಚಿಯೂ ನೋಡಿದ. ಬಿಡಿಸಿದ ಹತ್ತು ಸಿಪ್ಪೆಗೂ ಹತ್ತು ಬಣ್ಣ.

ಮನೆಯಲ್ಲಿ ಹೆಂಡತಿ ಬಟಾಣಿಯ ರಾಶಿ ನೋಡಿ, ಗಂಡನ ಮುಖ ನೋಡಿ, ಬಾಯಿ ಬಿಡಿಸಿದಳು. ಕೇಳಿ ಮುಗಿಸಿ ಅವಳು ಬೈಯಲಿಲ್ಲ.

"ಹೋಗಿ ಅಕ್ಕನಿಗೆ ಹೇಳಿ. ಅವರೇನು ನಿಮ್ಮನ್ನ ನುಂಗಿಬಿಡ್ತಾರಾ? ಆ ಬಣ್ಣ ಕಲಸಿದವರೇ ಅವರು. ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು."

"ಹೇಗೆ ಹೇಳಲೇ? ಆವತ್ತು ಬಾಯಲ್ಲಿ ಒರೆಸಿದೆ, ಇವತ್ತು ಬಟ್ಟೆಯಲ್ಲಿ ಒರೆಸಿದೆ ಅಂತ ಹೇಳಲಾ?"

"ಹಾಗೇ ಹೇಳಿ."

"ನೋಡೋಣ" ಎಂದ. ಅವನು ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಅದು ಗೊತ್ತಿತ್ತು. ತಾನೇ ಹೋಗಿ ಹೇಳಬಹುದಿತ್ತು ಎಂದು ಅವಳೂ ಈಗ ಕೊರಗುತ್ತಾಳೆ.

ಒಂಬತ್ತನೆಯ ಚೂರನ್ನು ಆರಿಸಿಕೊಂಡ. ಹದಿನಾಲ್ಕು ದಿನ ಕೆಲಸ ಮಾಡಿದ. ಅಂಥ ಕೆಲಸ ಅವನೂ ಮೊದಲು ಮಾಡಿರಲಿಲ್ಲ, ಮತ್ತೆ ಮಾಡಲೂ ಇಲ್ಲ. ಲೇತಿನಿಂದ ಬಂದ ಬ್ಲಾಕನ್ನು ಎರಡು ಸಲ ತೊಳೆದ. ಎರಕದ ಗುಳಿಗುಳಿಗೂ ಹಲ್ಲುಜ್ಜುವ ಬ್ರಷ್ಷು ಹಾಕಿದ. ಬಟ್ಟೆ ಬಿಳಿಯಾಗಿ ಬಂದ ಮೇಲೂ ಮತ್ತೊಂದು ಬಟ್ಟೆ ಹಿಡಿದು ಒರೆಸಿದ. ಬೂದಿ ಬಣ್ಣದ ಪ್ರೈಮರ್ ಹಚ್ಚಿ, ಒಣಗಿಸಿ, ಮೇಲೆ ತೆಳುವಾಗಿ ಮೂರು ಪದರ, ಪದರಕ್ಕೊಂದು ಬಿಡುವು. ಅಣ್ಣ ಬ್ರಷ್ಷಿನಲ್ಲಿ ಬಳಿದಿದ್ದ ಎಂದು ಇವನೂ ಸ್ಪ್ರೇ ಬಿಟ್ಟು ಬ್ರಷ್ಷಿನಲ್ಲೇ ಬಳಿದ. ಕೂದಲೆಳೆಯ ಗೆರೆ ಮೂಡುವಂತೆ ಬಳಿದ.

ಇಷ್ಟಕ್ಕೇ ನಿಂತಿದ್ದರೂ ಸರಿಯಿತ್ತು. ಅತ್ತಿಗೆ ಬರುವ ದಿನ ಬೆಳಿಗ್ಗೆ ಅವನು ಒಂಬತ್ತನೆಯ ಚೂರಿನಿಂದ ಒಂದು ಉಗುರು ಎತ್ತಿ, ಹಲಗೆಯ ಕೆಳಮೂಲೆಯ ಖಾಲಿ ಜಾಗದಲ್ಲಿ ಅಂಟಿಸಿ, ಕೆಳಗೆ ಅಣ್ಣನ ಕಾರಿನ ನಂಬರು ಬರೆದ.

ಅತ್ತಿಗೆ ಬಂದು ಇಂಜಿನ್ನಿನ ಸುತ್ತ ಒಂದು ಸುತ್ತು ಬಂದಳು. ಕೈ ಮುಂದೆ ಚಾಚಿ, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡಳು. ತಲೆ ಸ್ವಲ್ಪ ಓರೆ ಮಾಡಿ ನೋಡಿದಳು, ಕಿಟಕಿಯ ಬೆಳಕಿಗೆ ಸರಿದು ನಿಂತು ನೋಡಿದಳು.

"ಇದೇನಾ?" ಎಂದಳು.

"ಇದೇ ಅತ್ತಿಗೆ. ಉಗುರು ತೆಗೆದು, ಅದಕ್ಕೆ ಸರಿಯಾಗಿ ಕಲಸಿದ್ದು. ಹಲಗೆ ಮೇಲಿದೆ ನೋಡಿ."

ಅವಳು ಹಲಗೆಯ ಹತ್ತಿರ ಹೋಗಿ ಬಗ್ಗಿದಳು. ನಂಬರು ಓದಿದಳು. ಆ ಉಗುರಿನ ಮೇಲೆ ಬೆರಳಿಟ್ಟಳು. ನೇರವಾಗಿ ನಿಂತಾಗ ಅವಳ ಕಣ್ಣು ಒದ್ದೆಯಾಗಿತ್ತು.

"ಜಾಗ ಮಾಡಿದೆಯಲ್ಲೋ. ಅವರು ನೋಡಬೇಕಿತ್ತು."

ಆಗ ಹೇಳಬಹುದಿತ್ತು. ಆ ಕ್ಷಣ ಬಾಗಿಲ ಹಾಗೆ ತೆರೆದೇ ನಿಂತಿತ್ತು. ಒರೆಸಪ್ಪ ಜೇಬಿನಿಂದ ಬಟ್ಟೆ ತೆಗೆದು ಕನ್ನಡಕ ಒರೆಸಿದ.

ನಾಲ್ಕು ತಿಂಗಳು ಕಾರು ಚೆನ್ನಾಗಿ ಓಡಿತು. ಅತ್ತಿಗೆ ಎರಡು ವಾರಕ್ಕೊಮ್ಮೆ ಈ ಕಡೆ ಬರತೊಡಗಿದಳು. ಇಪ್ಪತ್ತಾರು ವರ್ಷದಲ್ಲಿ ಕಾಣದ ಹಾಗೆ ಇವರ ಮನೆಯಲ್ಲಿ ಕೂತು ಟೀ ಕುಡಿದಳು, ಓರಗಿತ್ತಿಯರಿಬ್ಬರೂ ಗಂಡಂದಿರ ಗುಣಗಳನ್ನು ಆಡಿಕೊಂಡು ನಕ್ಕರು. ಒರೆಸಪ್ಪನಿಗೆ ಖುಷಿಯಾಗುತ್ತಿತ್ತು, ಆದರೂ ಹಲಗೆಯ ಮಾತು ಬಂದರೆ ಎದ್ದು ಹೋಗುತ್ತಿದ್ದ. ಒಂದು ವಿಷಯ ಅವನ ಗಮನಕ್ಕೆ ಬಂದಿತ್ತು: ಅತ್ತಿಗೆ ಈಚೆಗೆ ಮಾತಿನ ನಡುವೆ ತಡವರಿಸುತ್ತಿದ್ದಳು. "ಅವರು ಆವತ್ತು ಹಾಕಿದ್ದು ನೀಲಿ ಅಂಗಿ... ನೀಲಿನೋ, ಬೇರೆಯೋ. ನನಗೆ ಈಗೀಗ ಸರಿಯಾಗಿ ನೆನಪಿರಲ್ಲ ಬಿಡು" ಎನ್ನುತ್ತಿದ್ದಳು. ವಯಸ್ಸಾಯಿತು ಎಂದುಕೊಂಡ.

ಐದನೆಯ ತಿಂಗಳು ಒಂದು ಮಧ್ಯಾಹ್ನ ಅವಳು ನೇರವಾಗಿ ಶೆಡ್ಡಿಗೆ ಬಂದಳು. ಚೀಲದಿಂದ ಹಳೆಯ ಪೇಪರಿನಲ್ಲಿ ಸುತ್ತಿದ್ದ ಒಂದು ಡಬ್ಬದ ಮುಚ್ಚಳ ತೆಗೆದು ಬೆಂಚಿನ ಮೇಲೆ ಅಂಗಾತ ಇಟ್ಟಳು. ಅಟ್ಟದ ಮೇಲೆ ಅಣ್ಣನ ಪಾನಗಳ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತ್ತಂತೆ. ಮುಚ್ಚಳದ ಒಳಗೆ ಒಣಗಿದ ಬಣ್ಣ, ಅದರಲ್ಲೇ ಅಂಟಿಕೊಂಡ ಬ್ರಷ್ಷಿನ ಎರಡು ಕೂದಲು. ಆ ಬಣ್ಣ ಒಂಬತ್ತನೆಯ ಚೂರಿಗಿಂತ ತಣ್ಣಗಿತ್ತು, ಹಳದಿ ತುಂಬ ಕಮ್ಮಿ. ಯಾರಿಗೂ ವ್ಯತ್ಯಾಸ ಹೇಳಿಕೊಡಬೇಕಾಗಿರಲಿಲ್ಲ.

ಒರೆಸಪ್ಪ ಎಲ್ಲವನ್ನೂ ಹೇಳಿದ. ಬ್ಲೇಡು ಎತ್ತಿ ಕೆಳಗಿಟ್ಟದ್ದು, ಲೇತಿನವನ ತಮಾಷೆ, ಬಕೆಟ್ಟಿನ ಬಟ್ಟೆಗಳು, ಒಂಬತ್ತು ಚೂರು, ಹಲಗೆಯ ಮೇಲಿನ ಉಗುರು. ನಿಂತುಕೊಂಡೇ ಹೇಳಿದ, ಕೈಯಲ್ಲಿ ಬಟ್ಟೆ ಇರಲಿಲ್ಲ.

ಅತ್ತಿಗೆ ಸ್ಟೂಲಿನ ಮೇಲೆ ಕೂತಳು. ಮುಚ್ಚಳವನ್ನು ಮಡಿಲಿಗೆ ತೆಗೆದುಕೊಂಡಳು.

"ಒರೆಸಿ ಹೋಯ್ತು ಅಂದಿದ್ರೆ ನಾನೇನು ಅಂತಿದ್ದೆ? ನಿನ್ನ ಹಣೆಬರಹ ಅಂತ ನಗ್ತಿದ್ದೆ. ಆವತ್ತೇ ಅಟ್ಟ ಹತ್ತಿ ಹುಡುಕ್ತಿದ್ದೆ. ಸಿಗದಿದ್ರೆ ಇಲ್ಲೇ ಕೂತು, ಇನ್ನೊಂದು ಹನಿ ಹಾಕು, ಸಾಕು ಅಂತ ಕಲಸ್ತಿದ್ದೆ. ಕೇಳಲೇ ಇಲ್ಲ ನೀನು."

"ತಪ್ಪಾಯ್ತು ಅತ್ತಿಗೆ."

"ತಪ್ಪು ಬಣ್ಣದ್ದಲ್ಲ ಕಣೋ. ನಾಲ್ಕು ತಿಂಗಳಿಂದ ಬಾನೆಟ್ ಎತ್ತಿದಾಗೆಲ್ಲ, ಇದು ಅಲ್ಲ ಅನ್ನಿಸ್ತಿತ್ತು. ನೀನು ಹಲಗೆ ತೋರಿಸಿದ್ದೆ. ನಿನ್ನ ಹಲಗೆ ಸುಳ್ಳು ಹೇಳಲ್ಲ ಅಂತ ಊರಿಗೇ ಗೊತ್ತು. ಹಾಗಾದ್ರೆ ನನ್ನ ಕಣ್ಣೇ ಸುಳ್ಳು ಅಂದ್ಕೊಂಡೆ. ನಾನೇ ಕಲಸಿದ ಬಣ್ಣ ನನಗೇ ಮರೀತಲ್ಲ, ಇನ್ನು ಅವರ ಮುಖ ಯಾವಾಗ ಮರೆಯತ್ತೋ ಅಂತ ಹೆದರಿಕೊಂಡೆ. ನೆನಪಿರೋ ಒಂದೊಂದನ್ನೂ ಅನುಮಾನದಿಂದ ನೋಡಿದೆ. ಅವರು ಹಾಗಂದಿದ್ದು ಹೌದಾ, ನಾನೇ ಕಟ್ಟಿಕೊಂಡ್ನಾ ಅಂತ."

ಹೊರಗೆ ಲೇತು ತಿರುಗುವ ಸದ್ದು ನಿಂತು ಮತ್ತೆ ಶುರುವಾಯಿತು.

"ಮತ್ತೆ ಬಿಚ್ಚಿ ಹಚ್ತೀನಿ" ಎಂದ ಒರೆಸಪ್ಪ. "ಈ ಮುಚ್ಚಳಕ್ಕೆ ಸರಿಯಾಗಿ. ಒಂದು ವಾರ ಕೊಡಿ."

"ಬೇಡ. ಓಡ್ತಾ ಇರೋದನ್ನ ಬಿಚ್ಚೋದು ಬೇಡ. ಅವರೂ ಬೇಡ ಅಂತಿದ್ರು." ಅವಳು ಎದ್ದಳು. "ಒಂದು ಉಗುರು ತಗೋ. ಮುಚ್ಚಳ ನನ್ನದು."

ಒರೆಸಪ್ಪ ಬ್ಲೇಡು ಕೈಗೆತ್ತಿಕೊಂಡ. ಮೊದಲು ಹಲಗೆಯ ಮೂಲೆಯಲ್ಲಿದ್ದ ಸುಳ್ಳು ಉಗುರನ್ನು ಕೆರೆದು ತೆಗೆಯಲು ಹೋದ. ಅತ್ತಿಗೆ ಅವನ ಮಣಿಕಟ್ಟು ಹಿಡಿದು ತಡೆದಳು.

"ಅದನ್ನ ಒರೆಸಬೇಡ."

ಹಾಗಾಗಿ ಅಣ್ಣನ ಬಣ್ಣಕ್ಕೆ ಹಲಗೆಯ ಒಳಗೆ ಜಾಗವಿಲ್ಲದೆ, ಹೊರಗಿನ ಚೌಕಟ್ಟಿನ ಮೇಲೆ ಅಂಟಿಸಬೇಕಾಯಿತು. ಈಗಲೂ ಎರಡೂ ಪಕ್ಕಪಕ್ಕದಲ್ಲಿವೆ, ಶೆಡ್ಡಿಗೆ ಹೋದವರಿಗೆ ಕಾಣುತ್ತವೆ. ಯಾರಾದರೂ ಕೇಳಿದರೆ ಒರೆಸಪ್ಪ ಯಾವುದು ಯಾವುದೆಂದು ಹೇಳುತ್ತಾನೆ, ಕಾರಣವನ್ನೂ ಹೇಳುತ್ತಾನೆ. ನಾನು ಕೇಳಿದ್ದೂ ಹಾಗೆಯೇ. ಬಟ್ಟೆ ಸುಳ್ಳು ಹೇಳಲ್ಲ ಎನ್ನುವ ಮಾತನ್ನು ಗಿರಾಕಿಗಳ ಮುಂದೆ ಆಡುವುದನ್ನು ಮಾತ್ರ ಬಿಟ್ಟಿದ್ದಾನೆ.

ಅತ್ತಿಗೆ ಬರುವುದನ್ನು ನಿಲ್ಲಿಸಲಿಲ್ಲ, ಆದರೆ ಎರಡು ವಾರದ್ದು ಮೂರು ತಿಂಗಳಾಯಿತು. ಎಣ್ಣೆ ನೋಡಿಸಲು ಬರುತ್ತಾಳೆ. ಮನೆಯ ಒಳಗೆ ಬರುವುದಿಲ್ಲ. ಓರಗಿತ್ತಿ ಟೀ ಲೋಟವನ್ನು ಶೆಡ್ಡಿಗೇ ತಂದುಕೊಡುತ್ತಾಳೆ. ಅವನು ಬಾನೆಟ್ಟು ಎತ್ತುತ್ತಾನೆ. ಆ ತಿಳಿಬಣ್ಣದ ಮೇಲೆ, ನೀರಿನ ಪಂಪಿನ ಕೆಳಗೆ, ಎಲ್ಲೋ ಒಂದು ಕಡೆ ಎಣ್ಣೆ ಚೂರು ಜಿನುಗಿರುವುದು ಕಾಣುತ್ತದೆ. ಅವನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ.

"ಬಟ್ಟೆ ಇಲ್ಲಿ ಕೊಡು" ಎನ್ನುತ್ತಾಳೆ ಅತ್ತಿಗೆ.

ಅವನು ಕೊಡುತ್ತಾನೆ. ಅವಳೇ ಬಗ್ಗಿ ಒರೆಸುತ್ತಾಳೆ, ಎಷ್ಟು ಬೇಕೋ ಅಷ್ಟೇ. ಅವನು ಬಾನೆಟ್ಟನ್ನು ಎತ್ತಿ ಹಿಡಿದುಕೊಂಡು ನಿಂತಿರುತ್ತಾನೆ.